ಪ್ರತಿ ಶುಕ್ರವಾರ ಮನೆಗೆ ಓಡಬೇಕು ಅನಿಸುತ್ತದೆ. ಹೋಗಲಾ, ಇಲ್ಲೇ ಇರಲಾ?

ಹೊಸಮೆಟ್ಟಿಲು
ಎಲ್ಲರಿಗೂ ನಮಸ್ಕಾರ. ಯೂನಿವರ್ಸಿಟಿ ಸೇರಿ ಇನ್ನೂ ತಿಂಗಳು ತುಂಬಿಲ್ಲ. ಹಾಸ್ಟೆಲ್ ರೂಮು ಚೆನ್ನಾಗಿದೆ, ಜೊತೆಗಿರುವ ಹುಡುಗಿ ಒಳ್ಳೆಯವಳೇ, ಪಾಠವೂ ಅರ್ಥವಾಗುತ್ತಿದೆ. ದೂರು ಹೇಳೋಕೆ ಏನೂ ಇಲ್ಲ. ಆದರೂ ಸಂಜೆ ಕ್ಲಾಸ್ ಮುಗಿಸಿ ರೂಮಿಗೆ ಬಂದ ಕೂಡಲೇ ಗಂಟಲು ಕಟ್ಟಿದ ಹಾಗಾಗುತ್ತದೆ. ಬುಧವಾರದಿಂದಲೇ ಶುಕ್ರವಾರಕ್ಕೆ ಕಾಯುತ್ತೇನೆ. ಕೊನೆ ಕ್ಲಾಸ್ ಮುಗಿದ ತಕ್ಷಣ ಬಸ್ ಹತ್ತಿ ಮನೆ, ಭಾನುವಾರ ರಾತ್ರಿ ವಾಪಸ್. ವಾಪಸ್ ಬರುವಾಗ ದಾರಿ ಪೂರ್ತಿ ಅಳು.

ಬ್ಯಾಗನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ. ಮಂಚದ ಅಡಿಯಲ್ಲೇ ಇದೆ, ಬೇಕಾದಾಗ ಜಿಪ್ ಎಳೆದು ಬಟ್ಟೆ ತೆಗೆದುಕೊಳ್ಳುತ್ತೇನೆ. ಕಪಾಟಿನಲ್ಲಿ ನನ್ನ ಪಾಲಿನ ಎರಡು ಖಾನೆ ಖಾಲಿ ಇವೆ.

ಅಮ್ಮ "ಬಾ ಮಗಳೇ" ಅಂತಾರೆ. ಅಪ್ಪ "ಸ್ವಲ್ಪ ದಿನ ಅಲ್ಲೇ ಇದ್ದು ನೋಡು" ಅಂತಾರೆ. ಒಬ್ಬರು ಸೀನಿಯರ್ ಅಕ್ಕ "ಮೊದಲ ಸೆಮಿಸ್ಟರ್ ಮನೆ ಕಡೆ ತಲೆ ಹಾಕಲೇಬೇಡ" ಅಂದರು. ಯಾರ ಮಾತು ಕೇಳಲಿ? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ರಾತ್ರಿಪಾಳಿ
ಸೀನಿಯರ್ ಹೇಳಿದ್ದೇ ಸರಿ. ಹೋಗಬೇಡಿ. ಯಾವುದೇ ಅಭ್ಯಾಸ 21 ದಿನದಲ್ಲಿ ಆಗುತ್ತದೆ. 21 ದಿನ ಹಲ್ಲು ಕಚ್ಚಿ ಕೂತರೆ ಆಮೇಲೆ ಮನೆ ನೆನಪೇ ಬರಲ್ಲ.

ಓದುಗೂಡು
@ರಾತ್ರಿಪಾಳಿ ಆ 21 ದಿನದ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ, ಆದರೆ ಸರಿಯಲ್ಲ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳು ಬದಲಾದ ರೂಪಕ್ಕೆ ಹೊಂದಿಕೊಳ್ಳೋಕೆ "ಕನಿಷ್ಠ" ಸುಮಾರು 21 ದಿನ ಬೇಕು ಅಂತ ಬರೆದರು. ಜನ "ಕನಿಷ್ಠ" ಅನ್ನೋದನ್ನು ಬಿಟ್ಟು ಅಂಕಿಯನ್ನಷ್ಟೇ ಇಟ್ಟುಕೊಂಡರು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಿಜವಾಗಿ ಅಳೆದು ನೋಡಿದಾಗ ಸಿಕ್ಕಿದ್ದು ಸುಮಾರು 66 ದಿನ. ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ಅವರು ಅಳೆದಿದ್ದು ದಿನಾ ಒಂದು ಲೋಟ ನೀರು ಕುಡಿಯೋದು, ಸ್ವಲ್ಪ ಓಡೋದು, ಇಂಥ ಸಣ್ಣ ಅಭ್ಯಾಸಗಳನ್ನು. ಇಡೀ ಊರು, ಮನೆ, ಜನ ಎಲ್ಲ ಬದಲಾಗಿರುವವರಿಗೆ 22ನೇ ದಿನವೂ ಅಳು ಬಂದರೆ ಅವರಲ್ಲಿ ಏನೋ ಕೊರತೆ ಇದೆ ಅಂತ ಅಲ್ಲ.

ರಾತ್ರಿಪಾಳಿ
ಸರಿ, ಅಂಕಿ ಬಿಡಿ. ವಿಷಯ ಅದೇ ತಾನೇ? ಮೊದಲು ಕಷ್ಟ, ಆಮೇಲೆ ಸುಲಭ. ಪ್ರತಿ ವಾರ ಮನೆಗೆ ಹೋದರೆ ಪ್ರತಿ ಸೋಮವಾರ ಮೊದಲ ದಿನವೇ ಆಗುತ್ತದೆ.

ಕಿಟಕಿಪಕ್ಕ
ಈ ಕೊನೇ ಮಾತು ಒಪ್ಪಿದೆ. ನಾನು ಈಗ ಮೂರನೇ ವರ್ಷ. ನಮ್ಮ ಬ್ಯಾಚಲ್ಲಿ ಗೆಳೆತನ ಆಗಿದ್ದು ಕ್ಲಾಸಲ್ಲಿ ಅಲ್ಲವೇ ಅಲ್ಲ. ಶನಿವಾರ ಮಧ್ಯಾಹ್ನ, ಏನೂ ಕೆಲಸ ಇಲ್ಲದೆ ಕಾರಿಡಾರಿನಲ್ಲಿ ಬಟ್ಟೆ ಒಣಗೋದನ್ನು ಕಾಯುತ್ತಾ ಕೂತಿರುತ್ತೀವಲ್ಲ, ಆಗ. ವಾರದಲ್ಲಿ ಎಲ್ಲರಿಗೂ ಓಟ. ಶನಿವಾರ ಭಾನುವಾರವೇ ಮನುಷ್ಯರು ಮನುಷ್ಯರಿಗೆ ಸಿಗೋದು. ಹೊಸಮೆಟ್ಟಿಲು ಅವರೇ, ನೀವು ಸರಿಯಾಗಿ ಆ ಎರಡು ದಿನ ಊರಲ್ಲಿರುತ್ತೀರ. ಸೋಮವಾರ ಬಂದಾಗ ಉಳಿದವರಿಗೆಲ್ಲ ಹೇಳಿಕೊಳ್ಳೋಕೆ ಏನೋ ಒಂದು ಕಥೆ ಇರುತ್ತದೆ, ನೀವು ಅದರಲ್ಲಿ ಇರಲ್ಲ.

ಇನ್ನೊಂದು. ಇವತ್ತೇ ಬ್ಯಾಗ್ ಬಿಚ್ಚಿ. ಎಲ್ಲ ಬಟ್ಟೆ ಕಪಾಟಿಗೆ, ಪುಸ್ತಕ ಮೇಜಿಗೆ, ಖಾಲಿ ಬ್ಯಾಗು ಕಪಾಟಿನ ತಲೆ ಮೇಲೆ.

ದೊಡ್ಡವನ ಅಮ್ಮ
ನಾನು ವಿದ್ಯಾರ್ಥಿ ಅಲ್ಲ, ಒಬ್ಬ ವಿದ್ಯಾರ್ಥಿಯ ತಾಯಿ. ಓದಿಕೊಂಡು ಸುಮ್ನಿರೋಕೆ ಆಗಲಿಲ್ಲ. ನೀವೆಲ್ಲ "ಹೋಗಬೇಡ, ಹೋಗಬೇಡ" ಅಂತೀರಲ್ಲ, ಮನೆ ಅಂದರೆ ಅಷ್ಟು ಕೆಟ್ಟ ಅಭ್ಯಾಸವಾ? ಅಳುತ್ತಾ ಇರೋ ಮಗು ಎರಡು ದಿನ ಮನೆಗೆ ಬಂದು, ಹೊಟ್ಟೆ ತುಂಬ ಊಟ ಮಾಡಿ, ನಿದ್ದೆ ಮಾಡಿ ಹೋದರೆ ಯಾರ ಗಂಟು ಹೋಗುತ್ತದೆ? ನಮಗೂ ಮನೆ ಬಿಕೋ ಅಂತಿರುತ್ತದೆ. ಅವನ ರೂಮಿನ ಲೈಟ್ ಹಾಕಿ ಸುಮ್ನೆ ನಿಂತು ಬಂದಿದ್ದೇನೆ ನಾನು.

ರಾತ್ರಿಪಾಳಿ
ಅಮ್ಮಾ, ತಪ್ಪು ತಿಳಿಯಬೇಡಿ. ಕೊನೇ ಎರಡು ಸಾಲು ನಿಮ್ಮ ಮಗನಿಗೆ ಫೋನಲ್ಲಿ ಹೇಳಿದರೆ ಅವನು ಅವತ್ತು ರಾತ್ರಿ ಓದಲ್ಲ. ಮನೆ ಬಿಕೋ ಅನ್ನೋದು ನಿಜ, ಆದರೆ ಅದನ್ನು ತುಂಬೋ ಜವಾಬ್ದಾರಿ ಅವನ ತಲೆ ಮೇಲೆ ಹಾಕಬೇಡಿ.

ದೊಡ್ಡವನ ಅಮ್ಮ
ಅವನಿಗೆ ಹೇಳಿಲ್ಲಪ್ಪ, ಹೇಳೋದೂ ಇಲ್ಲ. ಇಲ್ಲಿ ಹೇಳಿದೆ. ಫೋನಲ್ಲಿ "ಎಲ್ಲ ಚೆನ್ನಾಗಿದೆ, ಪಕ್ಕದವರ ಬೆಕ್ಕು ಮರಿ ಹಾಕಿದೆ" ಅಂತ ಇಂಥವೇ ಹೇಳೋದು.

ನಾಲ್ಕನೇ ಬೆಂಚು
ಬೆಕ್ಕಿನ ಮರಿ ಫೋಟೋ ಹಾಕಿ ಆಂಟಿ

ಓದುಗೂಡು
ಆಂಟಿ ಹೇಳಿದ್ದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಮನೆ ನೆನಪು ಮೈಗೂ ತಟ್ಟುತ್ತದೆ ಅಂತ ವೈದ್ಯರು ಬರೆದು 300 ವರ್ಷದ ಮೇಲಾಯಿತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಅನ್ನೋ ವೈದ್ಯ ವಿದ್ಯಾರ್ಥಿ ಇದರ ಮೇಲೇ ಪ್ರಬಂಧ ಬರೆದ. ಅದರಲ್ಲಿ ಬರ್ನ್ ಊರಿಂದ ಬಾಸೆಲ್‌ಗೆ ಓದೋಕೆ ಬಂದ ಒಬ್ಬ ಹುಡುಗನ ಕಥೆ ಇದೆ. ಜ್ವರ, ಸಂಕಟ, ಹಾಸಿಗೆ ಹಿಡಿದಿದ್ದ, ಬದುಕಲ್ಲ ಅಂತಲೇ ಅಂದುಕೊಂಡಿದ್ದರಂತೆ. ಊರಿಗೆ ಕಳಿಸೋಣ ಅಂತ ತೀರ್ಮಾನ ಆದ ಕೂಡಲೇ ಚೇತರಿಸಿಕೊಳ್ಳೋಕೆ ಶುರು ಮಾಡಿದ, ಮನೆ ಮುಟ್ಟೋದರೊಳಗೆ ಹುಷಾರಾಗಿಬಿಟ್ಟ. ಈಗ ಅದನ್ನು ಯಾರೂ ರೋಗ ಅನ್ನಲ್ಲ. ಆದರೆ ಗಮನಿಸಿ, ಅವನು ಸುಧಾರಿಸಿದ್ದು ಮನೆ ತಲುಪಿದ ಮೇಲಲ್ಲ, ಹೋಗಬಹುದು ಅಂತ ಗೊತ್ತಾದ ಮೇಲೆ.

ಅದಕ್ಕೇ ನನ್ನ ಮಟ್ಟಿಗೆ "ಹೋಗಲೇಬೇಡ" ಅನ್ನೋ ಸಲಹೆ ಒರಟು. ಹೋಗೋ ದಿನ ಒಂದನ್ನು ಕ್ಯಾಲೆಂಡರಲ್ಲಿ ಗುರುತು ಹಾಕಿಕೊಳ್ಳಿ. ಅದು ಈ ಶುಕ್ರವಾರ ಆಗಬೇಕಾಗಿಲ್ಲ. ಆದರೆ ಅದು ಇದೆ, ಬಂದೇ ಬರುತ್ತದೆ ಅಂತ ಗೊತ್ತಿರಬೇಕು.

ಕಿಟಕಿಪಕ್ಕ
ಇದು ಸರಿ. ನಾನು ಹೇಳಿದ್ದೂ ಸೆಮಿಸ್ಟರ್ ಪೂರ್ತಿ ಹೋಗಬೇಡಿ ಅಂತ ಅಲ್ಲ.

ಗಡಿಯಾಚೆ
ನಾನು ಬೇರೆ ದೇಶದಲ್ಲಿ ಓದುತ್ತಿದ್ದೇನೆ. ಶುಕ್ರವಾರ ಬಸ್ ಹತ್ತೋ ಆಯ್ಕೆಯೇ ಇಲ್ಲ, ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಹಾಗಾಗಿ ಈ ಚರ್ಚೆ ಓದಿ ಸ್ವಲ್ಪ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ನನಗೆ ಜಾಸ್ತಿ ಕಾಡಿದ್ದು ಫೋನು. ಇಲ್ಲಿ ಸಂಜೆ ಆದಾಗ ಮನೆಯಲ್ಲಿ ನಡುರಾತ್ರಿ. ಅವರು ನನಗೋಸ್ಕರ ಎದ್ದು ಕೂತಿರುತ್ತಿದ್ದರು. ದಿನಾ ವಿಡಿಯೋ ಕಾಲ್, ಅರ್ಧ ಹೊತ್ತು ಯಾರೂ ಮಾತಾಡದೆ ಮುಖ ನೋಡಿಕೊಂಡು ಕೂರೋದು. ಅದೇ ಹೊತ್ತಿಗೆ ಇಲ್ಲಿ ಫ್ಲೋರಿನ ಅಡುಗೆಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು, ಬಾಗಿಲ ಸಂದಿಯಿಂದ ನಗು ಕೇಳಿಸೋದು. ಆಮೇಲೆ ಕಾಲನ್ನು ಬೆಳಿಗ್ಗೆಗೆ ಬದಲಾಯಿಸಿದೆವು. ನಾನು ಕ್ಲಾಸಿಗೆ ನಡೆದುಕೊಂಡು ಹೋಗೋ ಹೊತ್ತು, ಅವರು ಕೆಲಸ ಮುಗಿಸಿ ಕೂತಿರೋ ಹೊತ್ತು. ನಡೆಯುತ್ತಾ ಮಾತಾಡೋದರಿಂದ ಹೇಳೋಕೂ ಏನಾದರೂ ಸಿಗುತ್ತದೆ, ದಾರೀಲಿ ಕಂಡಿದ್ದೆಲ್ಲ. ಸಂಜೆ ಅಡುಗೆಮನೆಗೆ ಹೋಗಿ ಕೂರೋಕೆ ಬಿಡುವಾಯಿತು. ಫೋನ್ ಕಡಿಮೆ ಮಾಡಿ ಅಂತ ನಾನು ಹೇಳಲ್ಲ. ಯಾವ ಹೊತ್ತಿಗೆ ಮಾಡುತ್ತೀರ ಅನ್ನೋದು ನೋಡಿಕೊಳ್ಳಿ.

ಹೊಸಮೆಟ್ಟಿಲು
@ಗಡಿಯಾಚೆ ಅಯ್ಯೋ, ನಿಮ್ಮ ಮುಂದೆ ನನ್ನದು ಏನೂ ಅಲ್ಲ ಅನಿಸುತ್ತಿದೆ. ನಾನು ಕರೆ ಮಾಡೋದೂ ಸರಿಯಾಗಿ ಸಂಜೆ ಏಳರಿಂದ ಎಂಟು. ಆ ಹೊತ್ತಿಗೇ ಎಲ್ಲರೂ ಮೆಸ್‌ಗೆ ಹೋಗೋದು.

ಗಡಿಯಾಚೆ
ಏನೂ ಅಲ್ಲ ಅಂತ ಯಾಕೆ ಅಂದುಕೊಳ್ಳುತ್ತೀರಿ? ದೂರ ಎಷ್ಟು ಅನ್ನೋದರ ಮೇಲೆ ಸಂಕಟ ಅಳೆಯೋಕೆ ಆಗಲ್ಲ. ಮನೆಯಿಂದ ಒಂದು ಗಂಟೆ ದೂರದಲ್ಲಿ ಇದ್ದುಕೊಂಡು ನನಗಿಂತ ಜಾಸ್ತಿ ಅತ್ತವರನ್ನು ನೋಡಿದ್ದೇನೆ. ಏಳು ಗಂಟೆ ಕರೆ ಮಾತ್ರ ಇವತ್ತೇ ಬದಲಾಯಿಸಿ.

ಹಳೇ ವಾರ್ಡನ್
ಬಹಳ ವರ್ಷ ಹಾಸ್ಟೆಲ್ ನೋಡಿಕೊಂಡವನು, ಈಗ ನಿವೃತ್ತ. ಒಂದು ಮಾತು ಹೇಳುತ್ತೇನಮ್ಮ. ಯಾರು ಬೇಗ ಹೊಂದಿಕೊಳ್ಳುತ್ತಾರೆ ಅಂತ ಮಾತಿನ ಜೋರು ನೋಡಿ ಹೇಳೋಕಾಗಲ್ಲ. ಮೊದಲ ದಿನ ಎಲ್ಲರ ಜೊತೆ ಕೈ ಕುಲುಕಿ ಗಲಾಟೆ ಎಬ್ಬಿಸಿದವರು ಎರಡು ತಿಂಗಳಿಗೆ ಒಬ್ಬರೇ ಕೂತಿದ್ದೂ ಇದೆ. ಬಾಯಿ ಬಿಡದ ಹುಡುಗರು, ರೂಮಿನ ಬಾಗಿಲು ಅರ್ಧ ತೆಗೆದಿಟ್ಟು ಓದುತ್ತಾ ಕೂತವರು, ಯಾರಾದರೂ ಹಾದು ಹೋದಾಗ ತಲೆ ಎತ್ತಿದವರು ಗಟ್ಟಿಯಾಗಿ ನೆಲೆ ನಿಂತರು. ಮೆಟ್ಟಿಲ ಪಕ್ಕದ ರೂಮು ಬೇಡ, ಗಲಾಟೆ ಅಂತ ಎಲ್ಲ ವರ್ಷವೂ ಅರ್ಜಿ ಬರುತ್ತಿತ್ತು. ನಾನು ಹೇಳುತ್ತಿದ್ದೆ, ಒಂದು ತಿಂಗಳು ಇದ್ದು ನೋಡಿ, ಆಮೇಲೆ ಬದಲಾಯಿಸೋಣ. ಮತ್ತೆ ಬಂದು ಕೇಳಿದವರು ಕಡಿಮೆ.

ಓದುಗೂಡು
ಸರ್, ನೀವು ಕಂಡಿದ್ದನ್ನೇ ಸಂಶೋಧಕರೂ ಕಂಡಿದ್ದಾರೆ. ಅಮೆರಿಕದ ಎಂಐಟಿ ಅನ್ನೋ ಯೂನಿವರ್ಸಿಟಿಯ ವಿದ್ಯಾರ್ಥಿ ವಸತಿಯಲ್ಲಿ ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಮಾಡಿದ ಅಧ್ಯಯನ 1950ರಲ್ಲಿ ಬಂತು. ಯಾರು ಯಾರಿಗೆ ಸ್ನೇಹಿತರು ಅಂತ ಕೇಳಿದರೆ, ಸ್ವಭಾವಕ್ಕಿಂತ ಬಾಗಿಲು ಎಷ್ಟು ಹತ್ತಿರ ಅನ್ನೋದೇ ದೊಡ್ಡದಾಗಿ ಕಂಡಿತು. ಪಕ್ಕದ ಮನೆಯವರು ಹೆಚ್ಚು, ಅದರಾಚೆಯವರು ಕಡಿಮೆ. ಕೆಳಗಡೆ ಮೆಟ್ಟಿಲ ಹತ್ತಿರ ಇದ್ದವರಿಗೆ ಮಾತ್ರ ಮೇಲಿನ ಮಹಡಿಯಲ್ಲೂ ಸ್ನೇಹಿತರು ಜಾಸ್ತಿ ಇದ್ದರು, ಎಲ್ಲರೂ ಅವರ ಬಾಗಿಲ ಮುಂದೆಯೇ ಹತ್ತಿ ಇಳಿಯುತ್ತಿದ್ದರಲ್ಲ.

ಸುಮ್ನಿರು
ಅಂದರೆ ಸ್ನೇಹಕ್ಕೆ ಗುಣ ಬೇಡ, ಮೆಟ್ಟಿಲು ಸಾಕು ಅಂತೀರಾ? ಒಪ್ಪಲ್ಲ. ನನ್ನ ಪಕ್ಕದ ರೂಮಿನವನ ಜೊತೆ ಇವತ್ತಿಗೂ ಮಾತಿಲ್ಲ.

ಓದುಗೂಡು
ಹಾಗಲ್ಲ. ಹತ್ತಿರ ಇದ್ದರೆ ಸ್ನೇಹ ಆಗಿಯೇ ಆಗುತ್ತದೆ ಅಂತಲ್ಲ, ಅವಕಾಶ ಜಾಸ್ತಿ ಸಿಗುತ್ತದೆ. ಮೇಲಿಂದ ಮೇಲೆ ಸಿಗೋದರಿಂದ ಜಗಳವೂ ಜಾಸ್ತಿ ಆಗಬಹುದು. ನಿಮ್ಮ ಉದಾಹರಣೆ ಅದೇ ಇರಬೇಕು.

ಸುಮ್ನಿರು
ಜಗಳ ಅಲ್ಲ, ಅಲಾರಾಂ. ಬೆಳಿಗ್ಗೆ ಐದಕ್ಕೆ ಶುರು. ಹತ್ತು ನಿಮಿಷಕ್ಕೊಮ್ಮೆ. ಅವನು ಏಳಲ್ಲ, ಗೋಡೆ ಈ ಕಡೆ ನಾನು ಏಳುತ್ತೇನೆ.

ನಾಲ್ಕನೇ ಬೆಂಚು
ನನ್ನ ರೂಂಮೇಟ್ ಕೂಡ ಹೀಗೇ!! ಮೊಬೈಲ್ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ, ಅವನಿಗೆ ಕೇಳಲ್ಲ, ಇಡೀ ಮಂಚ ನಡುಗುತ್ತದೆ

ಕಿಟಕಿಪಕ್ಕ
ಫೋನನ್ನು ಮಂಚದಿಂದ ದೂರ, ಎದ್ದು ಹೋಗಿ ಆಫ್ ಮಾಡಬೇಕಾದ ಕಡೆ ಇಡೋಕೆ ಹೇಳಿ. ಸಿಟ್ಟು ಬರೋ ಮೊದಲು ಹೇಳಿ. ರೂಂಮೇಟ್ ಜೊತೆ ಮೊದಲ ವಾರದಲ್ಲೇ ಕೂತು ಮಾತಾಡಿಕೊಳ್ಳಬೇಕಾದ ವಿಷಯ ಇವು: ಲೈಟ್ ಎಷ್ಟಕ್ಕೆ ಆರಿಸೋದು, ಅಲಾರಾಂ ಎಷ್ಟು ಸಲ, ರೂಮಲ್ಲಿ ಫೋನ್ ಮಾತು ಎಲ್ಲಿಯವರೆಗೆ, ಯಾರಾದರೂ ಬರೋದಿದ್ದರೆ ಮೊದಲೇ ಹೇಳೋದು, ಯಾವ ವಸ್ತು ಕೇಳದೆ ಮುಟ್ಟಬಹುದು ಯಾವುದು ಬೇಡ. "ನೀನು ಹೀಗೆ ಮಾಡ್ತೀಯ" ಅಂತ ಶುರು ಮಾಡಬೇಡಿ. "ನನಗೆ ಲೈಟ್ ಇದ್ದರೆ ನಿದ್ದೆ ಬರಲ್ಲ, ಹನ್ನೊಂದಕ್ಕೆ ಟೇಬಲ್ ಲ್ಯಾಂಪ್ ಹಾಕಿಕೊಂಡರೆ ಆಗುತ್ತಾ?" ಅಂತ ಕೇಳಿ. ನಾವು ಇದನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೆವು.

ಬಸ್‌ಪಾಸ್
ನಿದ್ದೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರದೇ ಇರೋಕೆ ಮಿದುಳಿನಲ್ಲೇ ಕಾರಣ ಇದೆ. ಬ್ರೌನ್ ಯೂನಿವರ್ಸಿಟಿಯವರು 2016ರಲ್ಲಿ ಪ್ರಕಟಿಸಿದರು, ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಮಲಗಲ್ಲ, ಸಣ್ಣ ಸದ್ದಿಗೂ ಎಚ್ಚರ ಆಗೋ ಥರ ಇರುತ್ತದೆ. ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ.

ರಾತ್ರಿಪಾಳಿ
ನೋಡಿ! ಪ್ರತಿ ವಾರ ಹೋಗಿ ಬಂದರೆ ಪ್ರತಿ ಭಾನುವಾರ ಮೊದಲ ರಾತ್ರಿ!

ಬಸ್‌ಪಾಸ್
ಅಷ್ಟು ದೂರ ಎಳೆಯಬೇಡಿ. ಒಂದು ಸಲ ಪರಿಚಯ ಆದ ಜಾಗಕ್ಕೆ ವಾಪಸ್ ಬರೋದು ಬೇರೆ, ಪೂರ್ತಿ ಹೊಸ ಜಾಗ ಬೇರೆ. ಆ ಅಧ್ಯಯನ ನಿಮ್ಮ ವಾದಕ್ಕೆ ಸಾಕ್ಷಿ ಆಗಲ್ಲ. ಮೊದಲ ದಿನಗಳ ನಿದ್ದೆಗೇಡನ್ನು ನೋಡಿ "ಈ ಜಾಗ ನನಗೆ ಆಗಿಬರಲ್ಲ" ಅಂತ ತೀರ್ಮಾನ ಮಾಡಬೇಡಿ, ಅಷ್ಟೇ ನಾನು ಹೇಳಿದ್ದು. ಮನೆಯ ದಿಂಬು, ಹೊದಿಕೆ ತಂದುಕೊಂಡರೆ ಹಿತ ಅನಿಸುತ್ತದೆ. ಒಗೆದು ತರಬೇಡಿ, ಮನೆ ವಾಸನೆ ಇರಲಿ.

ನಾಲ್ಕನೇ ಬೆಂಚು
ನನ್ನದು ಬೇರೆ ತೊಂದರೆ. ಕ್ಲಾಸಲ್ಲಿ ಎಲ್ಲರೂ ನನಗಿಂತ ಜಾಣರು. ಪ್ರಶ್ನೆ ಕೇಳುತ್ತಾರೆ, ಪ್ರೊಫೆಸರ್ ಜೊತೆ ಮಾತಾಡುತ್ತಾರೆ. ನಮ್ಮ ಶಾಲೆಯಲ್ಲಿ ನಾನೇ ಫಸ್ಟು. ಇಲ್ಲಿ ನನಗೆ ಸೀಟು ಹೇಗೋ ಸಿಕ್ಕಿಬಿಟ್ಟಿದೆ, ಒಂದು ದಿನ ಗೊತ್ತಾಗಿಬಿಡುತ್ತದೆ ಅನ್ನೋ ಭಯ. ಇದನ್ನು ಯಾರಿಗೂ ಹೇಳಿರಲಿಲ್ಲ

ಓದುಗೂಡು
ಹೇಳಿದ್ದು ಒಳ್ಳೆಯದಾಯಿತು ತಮ್ಮ. ಎಲ್ಲ ಶಾಲೆಗಳ ಫಸ್ಟ್ ಬಂದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಎಲ್ಲರೂ ಫಸ್ಟ್ ಆಗೋಕೆ ಸಾಧ್ಯವೇ ಇಲ್ಲ ಅಲ್ವಾ? ನೀವು ಕುಗ್ಗಿಲ್ಲ, ಸುತ್ತ ಇರೋ ಗುಂಪು ಬದಲಾಗಿದೆ. "ನಾನು ಇದಕ್ಕೆ ಅರ್ಹನಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ" ಅನ್ನೋ ಈ ಭಾವನೆಯನ್ನು 1978ರಲ್ಲೇ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ವಿವರವಾಗಿ ಬರೆದರು. ಅವರು ಅದನ್ನು ಕಂಡಿದ್ದು ಸೋತವರಲ್ಲಿ ಅಲ್ಲ, ಓದು ಮತ್ತು ಕೆಲಸದಲ್ಲಿ ಮುಂದೆ ಇದ್ದ ಹೆಂಗಸರಲ್ಲಿ.

ಮಾಡಬೇಕಾದ್ದು ಒಂದು ಸಣ್ಣ ಕೆಲಸ. ಈ ವಾರ ಕ್ಲಾಸ್ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಹಿಡಿದು ಪ್ರೊಫೆಸರ್ ಹತ್ತಿರ ಹೋಗಿ. ಪುಸ್ತಕದ ಪುಟ ತೆರೆದು ಇಟ್ಟು, "ಸರ್, ಈ ಸಾಲಿನವರೆಗೆ ಗೊತ್ತಾಯಿತು, ಇಲ್ಲಿಂದ ಆಗಲಿಲ್ಲ" ಅನ್ನಿ.

ಹಳೇ ವಾರ್ಡನ್
ಪಕ್ಕದಲ್ಲಿ ಕೂರೋ ಹುಡುಗನನ್ನೂ ಒಂದು ಸಲ ಕೇಳಿ ನೋಡಪ್ಪ, ಅವನಿಗೂ ಅರ್ಥವಾಯಿತಾ ಅಂತ.

ಸುಮ್ನಿರು
ಎಲ್ಲರೂ "ಹೋಗಿ ಮಾತಾಡಿ" ಅಂತೀರ. ಮಾತು ಬರದವರು ಏನು ಮಾಡಬೇಕು? ಯಾರ ಜೊತೆಯಾದರೂ ಮಾತಾಡಿ ರೂಮಿಗೆ ಬಂದ ಮೇಲೆ ರಾತ್ರಿ ಪೂರ್ತಿ ಅದೇ ಯೋಚನೆ, ನಾನು ಹಾಗಂದಿದ್ದು ಅವರಿಗೆ ಬೇಜಾರಾಯಿತೇನೋ ಅಂತ.

ಗಡಿಯಾಚೆ
ಇದಕ್ಕೆ ನನಗೆ ತುಂಬ ಧೈರ್ಯ ಕೊಟ್ಟಿದ್ದು ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಅಪರಿಚಿತರಿಬ್ಬರು ಮಾತಾಡಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ಎದುರಿನವರಿಗೆ ತಾನು ಎಷ್ಟು ಇಷ್ಟ ಆದೆ ಅಂತ ಜನ ಅಂದುಕೊಂಡಿದ್ದಕ್ಕಿಂತ, ನಿಜವಾಗಿ ಜಾಸ್ತಿ ಇಷ್ಟ ಆಗಿದ್ದರು. ಹಾಸ್ಟೆಲಿನ ಮೊದಲ ವರ್ಷದ ವಿದ್ಯಾರ್ಥಿಗಳನ್ನೂ ನೋಡಿದರು, ಅವರಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು. ನೀವು ರಾತ್ರಿ ಪೂರ್ತಿ ಕೊರಗುತ್ತಾ ಇದ್ದಾಗ ಆ ಕಡೆಯವರೂ ನಿಮಗೆ ಏನನಿಸಿತೋ ಅಂತ ಕೊರಗುತ್ತಿರಬಹುದು.

ಮಾತು ಬರದವರಿಗೆ ಮಾತೇ ಮುಖ್ಯವಲ್ಲದ ಕಡೆ ಹೋಗೋದು ಸುಲಭ. ಓಟ, ಚೆಸ್, ಹಾಡು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸೋ ಕೆಲಸ, ಏನಾದರೂ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಜನ ಇರಬೇಕು. ಹತ್ತು ಸಂಘಕ್ಕೆ ಹೆಸರು ಕೊಡಬೇಡಿ, ಒಂದಕ್ಕೆ ತಪ್ಪದೆ ಹೋಗಿ.

ಕಿಟಕಿಪಕ್ಕ
ಹೌದು, ಇದಕ್ಕೆ ಸಮಯ ಹಿಡಿಯುತ್ತದೆ. ಕಾನ್ಸಾಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಅವರ ಅಂದಾಜು ಇದೆ. ಪರಿಚಯದವರು ಸುಮಾರಾದ ಸ್ನೇಹಿತರಾಗೋಕೆ 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳೋಕೆ 90, ಆಪ್ತರಾಗೋಕೆ 200ಕ್ಕೂ ಹೆಚ್ಚು. ಅದರಲ್ಲೂ ಕ್ಲಾಸಲ್ಲಿ, ಕೆಲಸದಲ್ಲಿ ಪಕ್ಕದಲ್ಲಿದ್ದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ, ಸುಮ್ನೆ ಜೊತೆಗೆ ಕಳೆದ ಹೊತ್ತು ಬೇಕು. ಒಂದು ತಿಂಗಳಿಗೆ "ನನಗಿಲ್ಲಿ ಯಾರೂ ಇಲ್ಲ" ಅನಿಸೋದು ಸಹಜ, ಆ ಗಂಟೆಗಳು ಇನ್ನೂ ಆಗಿಯೇ ಇಲ್ಲ. ಮನೆಯಲ್ಲಿರೋ ಹಳೇ ಸ್ನೇಹಿತರ ಜೊತೆ ಹೋಲಿಸಬೇಡಿ, ಅವರ ಜೊತೆ ಹತ್ತು ವರ್ಷ ಕಳೆದಿರುತ್ತೀರ.

ರಾತ್ರಿಪಾಳಿ
ಸರಿ ಸರಿ, ಸಂಶೋಧನೆ ಎಲ್ಲ ಆಯಿತು. ಇಷ್ಟೆಲ್ಲ ಬೇಕಾ? ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು. ನಮ್ಮ ಹಿಂದಿನವರು ಕಾಗದ ಬರೆದುಕೊಂಡು ಓದಿದರು.

ಹಳೇ ವಾರ್ಡನ್
ಈ ಒಂದು ಮಾತಿಗೆ ಮಾತ್ರ ನಾನು ಬಲವಾಗಿ ಬೇಡ ಅನ್ನುತ್ತೇನೆ. ಕಾಗದ ಬರೆದುಕೊಂಡು ಓದಿದವರಲ್ಲಿ ಓದು ಬಿಟ್ಟು ಹೋದವರೂ ಇದ್ದರು, ಅವರ ಕಥೆ ಯಾರೂ ಹೇಳಲ್ಲ. ಮನೆ ನೆನಪು ಬರುತ್ತದೆ ಹೋಗುತ್ತದೆ, ನಡುವೆ ನಗು ಇರುತ್ತದೆ, ಹಸಿವು ಇರುತ್ತದೆ. ಆದರೆ ಹೆಚ್ಚುಕಡಿಮೆ ದಿನಾ, ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ, ಎದ್ದು ಕ್ಲಾಸಿಗೆ ಹೋಗೋಕೆ ಆಗುತ್ತಿಲ್ಲ ಅಂದರೆ ಅದು ಬೇರೆ. ಆಗ ಕಾಯಬಾರದು. ಯೂನಿವರ್ಸಿಟಿಯ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಹೋಗಬೇಕು. ಬದುಕೇ ಬೇಡ ಅನ್ನೋ ಯೋಚನೆ ಬಂದರಂತೂ ಅದೇ ಗಳಿಗೆಯಲ್ಲಿ ಯಾರಿಗಾದರೂ ಹೇಳಬೇಕು, ನಡುರಾತ್ರಿ ಆದರೂ ಸರಿ. ನನ್ನ ಬಾಗಿಲು ರಾತ್ರಿ ಎರಡಕ್ಕೆ ತಟ್ಟಿದ ಹುಡುಗರಿದ್ದಾರೆ. ತಟ್ಟಿದ್ದಕ್ಕೆ ಇವತ್ತಿಗೂ ನನಗೆ ಸಮಾಧಾನ.

ರಾತ್ರಿಪಾಳಿ
ಈ ಮಾತು ಒಪ್ಪುತ್ತೇನೆ ಸರ್. ನಾನು ಬರೀ ಮನೆ ನೆನಪಿನ ಬಗ್ಗೆ ಹೇಳಿದ್ದು.

ದೊಡ್ಡವನ ಅಮ್ಮ
ವಾರ್ಡನ್ ಸರ್, ಹೆತ್ತವರು ಏನು ನೋಡಬೇಕು? ಫೋನಲ್ಲಿ ಮಕ್ಕಳು "ಚೆನ್ನಾಗಿದ್ದೀನಿ" ಅಂತಲೇ ಹೇಳೋದು.

ಹಳೇ ವಾರ್ಡನ್
"ಚೆನ್ನಾಗಿದ್ದೀಯಾ" ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅಂತಲೇ ಬರುತ್ತದಮ್ಮ. "ಇವತ್ತು ಯಾರ ಜೊತೆ ಊಟಕ್ಕೆ ಹೋಗಿದ್ದೆ?" ಅಂತ ಕೇಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಒಳ್ಳೆಯದು. ಯಾವ ಹೆಸರೂ ಬರದೇ ಇದ್ದರೆ ಬೈಯಬೇಡಿ, ಒಂದು ಸಲ ನೀವೇ ಹೋಗಿ ನೋಡಿಕೊಂಡು ಬನ್ನಿ.

ಹೊಸಮೆಟ್ಟಿಲು
ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಅಮ್ಮನ ಜೊತೆ ಮಾತಾಡಿದೆ, ಇನ್ನು ಮೂರು ವಾರಕ್ಕೊಮ್ಮೆ ಬರುತ್ತೇನೆ ಅಂತ ದಿನ ಬರೆದುಕೊಂಡೆವು. ಅಮ್ಮ ಒಂಚೂರು ಸುಮ್ಮನಾದರು, ಆಮೇಲೆ "ಸರಿ, ನಡುವೆ ಒಂದು ಸಲ ನಾವೇ ಬರುತ್ತೇವೆ, ನಿನ್ನ ರೂಮು ನೋಡಬೇಕು" ಅಂದರು. ಈ ಶನಿವಾರ ಏನು ಮಾಡೋದು ಅಂತ ಗೊತ್ತಿಲ್ಲ, ರೂಂಮೇಟ್ ಅವಳ ಕ್ಲಾಸಿನವರ ಜೊತೆ ಎಲ್ಲೋ ಹೋಗುತ್ತಾಳಂತೆ.

ಕಿಟಕಿಪಕ್ಕ
"ನಾನೂ ಬರಲಾ?" ಅಂತ ಕೇಳಿ. ಎರಡೇ ಪದ, ಸ್ವಲ್ಪ ಧೈರ್ಯ ಬೇಕು ಅಷ್ಟೇ. ಅವಳು ಬೇಡ ಅಂದರೆ ಬಟ್ಟೆ ಒಗೆಯೋಕೆ ಹಾಕಿ ಕಾರಿಡಾರಿನಲ್ಲಿ ಕೂತುಕೊಳ್ಳಿ, ಯಾರಾದರೂ ಬರುತ್ತಾರೆ.

ನಾಲ್ಕನೇ ಬೆಂಚು
ಹೊಸ ಬಟ್ಟೆ ಬೇರೆ ಒಗೆಯಿರಿ. ನಮ್ಮ ಫ್ಲೋರಲ್ಲಿ ಒಬ್ಬನ ಹೊಸ ಕೆಂಪು ಟವೆಲ್ಲಿಂದ ಬಿಳಿ ಶರ್ಟುಗಳೆಲ್ಲ ಗುಲಾಬಿ ಆಗಿವೆ

ಮಳೆನಾಡಿಗ
ತಡವಾಗಿ ಬಂದೆ, ಕ್ಷಮಿಸಿ. ನನಗೆ ಎರಡನೇ ಪಟ್ಟಿಯಲ್ಲಿ ಸೀಟು ಸಿಕ್ಕಿದ್ದು, ಎಲ್ಲರಿಗಿಂತ ತಡವಾಗಿ ಸೇರಿದ್ದೇನೆ. ಆಗಲೇ ಎಲ್ಲ ಗುಂಪು ಆಗಿಹೋಗಿವೆ. ನನ್ನಂಥವರು ಏನು ಮಾಡಬೇಕು?

ಬಸ್‌ಪಾಸ್
ನಾನೂ ತಡವಾಗಿ ಸೇರಿದವನೇ, ಅದೂ ಹಾಸ್ಟೆಲ್ ಸಿಗದೆ ಹೊರಗೆ ರೂಮು. ಮೊದಲ ವಾರಗಳ ಗುಂಪು ಗಟ್ಟಿ ಇರಲ್ಲ, ಜನ ಒಬ್ಬರೇ ಕೂರಬಾರದು ಅಂತ ಕೈಗೆ ಸಿಕ್ಕವರ ಜೊತೆ ಸೇರಿಕೊಂಡಿರುತ್ತಾರೆ. ಮೊದಲ ಪರೀಕ್ಷೆ ಹೊತ್ತಿಗೆ ಬಹಳಷ್ಟು ಒಡೆದು ಮತ್ತೆ ಕಟ್ಟಿಕೊಳ್ಳುತ್ತವೆ. ನಿಮಗೆ ಒಂದು ಅನುಕೂಲವೂ ಇದೆ, ನೋಟ್ಸ್ ಬೇಕು. ತಪ್ಪಿದ ಪಾಠಗಳ ನೋಟ್ಸ್ ಕೇಳೋಕೆ ಯಾರ ಹತ್ತಿರ ಹೋದರೂ ಅದು ಸಹಜವಾಗಿರುತ್ತದೆ. ಒಬ್ಬರ ಹತ್ತಿರವೇ ಎಲ್ಲ ಕೇಳಬೇಡಿ, ಒಂದೊಂದು ವಿಷಯಕ್ಕೆ ಒಬ್ಬೊಬ್ಬರನ್ನು ಕೇಳಿ. ವಾಪಸ್ ಕೊಡೋಕೆ ನೀವೇ ಹುಡುಕಿಕೊಂಡು ಹೋಗಿ. ಯಾವ ಕೋರ್ಸ್ ನಿಮ್ಮದು?

ಮಳೆನಾಡಿಗ
ರಸಾಯನಶಾಸ್ತ್ರ. ಲ್ಯಾಬ್ ಜೋಡಿ ಕೂಡ ಇನ್ನೂ ಇಲ್ಲ.

ಓದುಗೂಡು
ಹಾಗಾದರೆ ನಾಳೆಯೇ ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿ, ಮೂವರ ತಂಡಕ್ಕೆ ಸೇರಿಸುತ್ತಾರೆ. ರೆಕಾರ್ಡ್ ಪುಸ್ತಕ ತಗೊಂಡು ಹೋಗಿ.